ಪೇಂಟರ್ ನಾದಿನಿ ಹಾಕಿದ ಸ್ಟಾರ್ಟರ್ ಮೋಟಾರ್

ನನ್ನ ಹೆಂಡತಿಯ ತಂಗಿ ಕಬ್ಬಿಣಕ್ಕೆ ಬಣ್ಣ ಹೊಡೆಯುವವಳು. ಗೇಟು, ಕಿಟಕಿಯ ಸರಳು, ನೀರಿನ ಟ್ಯಾಂಕಿನ ಏಣಿ, ಯಾವುದಾದರೂ ಸರಿ. ಮೊದಲು ತುಕ್ಕು ಉಜ್ಜುತ್ತಾಳೆ, ಆಮೇಲೆ ರೆಡ್ ಆಕ್ಸೈಡ್ ಬಳಿಯುತ್ತಾಳೆ, ಅದರ ಮೇಲೆ ಬಣ್ಣ. ಬರಿ ಕಬ್ಬಿಣ ಕಂಡರೆ ಅವಳಿಗೆ ಆಗುವುದಿಲ್ಲ. ನಮ್ಮ ಮನೆಗೆ ಬಂದರೂ ಮಾತಾಡುತ್ತಲೇ ಕಿಟಕಿಯ ಮೇಲೆ ಉಗುರಾಡಿಸಿ, "ಭಾವ, ಇಲ್ಲಿ ತುಕ್ಕು ಹಿಡೀತಿದೆ" ಎಂದು ಎಲ್ಲರೆದುರು ನನ್ನ ಮಾನ ತೆಗೆಯುತ್ತಾಳೆ.

ಹದಿನೆಂಟು ವರ್ಷ ಒಬ್ಬ ಮೇಸ್ತ್ರಿಯ ಕೈಕೆಳಗೆ ದುಡಿದಳು. ಕೆಲಸ ಇವಳದು, ಹೆಸರು ಅವನದು. ಈ ವರ್ಷ ಮೊದಲ ಸಲ, ಊರಾಚೆಯ ದೊಡ್ಡ ಆಸ್ಪತ್ರೆಯ ಕಿಟಕಿಗಳ ಕೆಲಸ ಅವಳ ಹೆಸರಿಗೇ ಬಂತು. ಆರು ವಾರದ ಕೆಲಸ, ಒಂದೇ ಷರತ್ತು. ದಿನಾ ಬೆಳಿಗ್ಗೆ ಆರಕ್ಕೆ ಶುರು ಮಾಡಿ, ರೋಗಿಗಳು ಬರುವ ಮುಂಚೆ ಮುಗಿಸಬೇಕು. ಮೊದಲ ದಿನವೇ ತಪ್ಪಿದರೆ ಕೆಲಸ ಮೇಸ್ತ್ರಿಗೆ ಹೋಗುತ್ತದೆ. ಅಷ್ಟು ಹೊತ್ತಿಗೆ ಆ ಕಡೆ ಬಸ್ಸಿಲ್ಲ. ಏಣಿ, ಡಬ್ಬಗಳ ಸಮೇತ ಹೋಗಲು ಅವಳ ಹಳೇ ಕಾರೇ ಗತಿ.

ಆ ಕಾರೋ, ಒಂದು ತಿಂಗಳಿಂದ ಕೀಲಿ ತಿರುಗಿಸಿದರೆ ಟಕ್ ಅಂದು ಸುಮ್ಮನಾಗುತ್ತಿತ್ತು. ಬೀದಿಯವರು ಸೇರಿ ತಳ್ಳಿದರೆ ಹೊರಡುತ್ತಿತ್ತು. ನಾನೂ ಸೊಂಟ ಹಿಡಿದುಕೊಂಡು ತಳ್ಳಿದ್ದೇನೆ, ಬಾಯ್ತುಂಬ ಗೊಣಗಿದ್ದೇನೆ. ಆದರೆ ಬೆಳಿಗ್ಗೆ ಐದಕ್ಕೆ ಎದ್ದು ತಳ್ಳುವವರು ಯಾರು? ಗ್ಯಾರೇಜಿನವನು ನೋಡಿ, ಸ್ಟಾರ್ಟರ್ ಮೋಟಾರ್ ಹೋಗಿದೆ, ಕೈತುಂಬ ಕೆಲಸವಿದೆ, ಎಂಟು ದಿನ ಬಿಟ್ಟು ಬನ್ನಿ ಎಂದ. ಆಸ್ಪತ್ರೆಯ ಕೆಲಸ ಶುರುವಾಗುವುದು ಸೋಮವಾರ. ಶನಿವಾರ ನಾನು ಅವಳ ಮನೆಗೆ ಹೋಗಿದ್ದಾಗ, ಅವಳು ಹೊಸ ಮೋಟಾರನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದಳು.

"ನಾನೇ ಹಾಕ್ತೀನಿ" ಎಂದಳು.

"ನೋಡಮ್ಮ, ಅದು ಗೇಟಲ್ಲ. ಇರೋದೂ ಕೆಟ್ಟು ಕೂತೀತು."

"ಎರಡು ಬೋಲ್ಟು, ಎರಡು ವೈರು ಭಾವ. ಹೇಗಿತ್ತೋ ಹಾಗೇ ಜೋಡಿಸೋದು. ನೋಡೋಕಾಗಲ್ಲ ಅಂದ್ರೆ ಒಳಗೆ ಹೋಗಿ ಕೂತ್ಕೊಳ್ಳಿ."

ಒಳಗೆ ಹೋಗಿ ಕೂರುವವನಲ್ಲ ನಾನು. ಕುರ್ಚಿ ತಂದು ಅಂಗಳದಲ್ಲೇ ಸಭಾಧ್ಯಕ್ಷನ ಹಾಗೆ ಕೂತೆ.

ಮೊದಲು ಬ್ಯಾಟರಿಯ ಮೈನಸ್ ವೈರು ಬಿಚ್ಚಿ ಪಕ್ಕಕ್ಕೆ ಸರಿಸಿದಳು. ಜಾಕ್ ಕೊಟ್ಟು ಕಾರಿನ ಮುಂಭಾಗ ಎತ್ತಿ, ಟೈರ್ ಅಂಗಡಿಯಿಂದ ತಂದಿದ್ದ ಎರಡು ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದಳು. ಎರಡು ಕೈಯಿಂದ ಅಲುಗಿಸಿ ನೋಡಿ ಆಮೇಲೆ ಕೆಳಗೆ ನುಗ್ಗಿದಳು. ಕೆಳಗಿನ ಬೋಲ್ಟು ಬೇಗ ಬಂತು. ಮೇಲಿನದು ಕೈಗೂ ಎಟುಕದು, ಕಣ್ಣಿಗೂ ಕಾಣದು. ಪಾನಾಕ್ಕೆ ಉದ್ದದ ಪೈಪು ತೂರಿಸಿ ಮುಕ್ಕಾಲು ಗಂಟೆ ಗುದ್ದಾಡಿದಳು. ಕೊನೆಗೆ ಅದೂ ಬಂತು. ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು, ಹಳೇ ಮೋಟಾರನ್ನು ಹೊಟ್ಟೆಯ ಮೇಲಿಟ್ಟುಕೊಂಡು ಹೊರಗೆ ಜಾರಿದಳು.

ಅಲ್ಲಿಗೆ ಅರ್ಧ ಕೆಲಸ ಮುಗಿದಿತ್ತು. ಆದರೆ ಮೋಟಾರ್ ಕೂರುವ ಜಾಗದಲ್ಲಿ ತುಕ್ಕಿತ್ತು. ತುಕ್ಕು ಕಂಡ ಮೇಲೆ ಅವಳನ್ನು ತಡೆಯುವವರುಂಟೆ? ಆ ಜಾಗವನ್ನು ಉಜ್ಜಿ ರೆಡ್ ಆಕ್ಸೈಡ್ ಬಳಿದಳು. ಹೊಸ ಮೋಟಾರಿನಲ್ಲಿ ಅಲ್ಲಿಗೆ ತಾಗುವ ಮುಖಕ್ಕೂ ಬಳಿದಳು. ಬೋಲ್ಟುಗಳನ್ನೂ ಬಿಡಲಿಲ್ಲ. ಕೆಲಸ ಅಂದರೆ ಹೀಗಿರಬೇಕು ಎಂದು ನಾನೂ ತಲೆದೂಗಿದೆ. ಅದನ್ನು ಈಗ ಒಪ್ಪಿಕೊಳ್ಳಲೇಬೇಕು.

ಭಾನುವಾರ ಬೆಳಿಗ್ಗೆ ಬಣ್ಣ ಒಣಗಿತ್ತು. ಮೋಟಾರ್ ಕೂರಿಸಿ, ವೈರು ಜೋಡಿಸಿ, ಬ್ಯಾಟರಿಯ ಮೈನಸ್ ವೈರೂ ಹಾಕಿ ಕೀಲಿ ತಿರುಗಿಸಿದಳು. ಟಕ್. ಇನ್ನೊಮ್ಮೆ ತಿರುಗಿಸಿದಳು. ಟಕ್.

"ನಾನು ಹೇಳಿದ್ದೆ ತಾನೆ" ಎಂದೆ. ಹಾಳು ಬಾಯಿ.

ಅವಳು ಚಕ್ರಕ್ಕೆ ಒರಗಿ ನೆಲದ ಮೇಲೇ ಕೂತುಬಿಟ್ಟಳು. "ನಾಳೆ ಹೋಗ್ಲಿಲ್ಲ ಅಂದ್ರೆ ಮತ್ತೆ ಆ ಮೇಸ್ತ್ರಿ ಕೈಕೆಳಗೇ ಭಾವ" ಎಂದಳು. ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ನೀರು ತಂದುಕೊಟ್ಟೆ, ಬೇರೇನು ಮಾಡಲಿ?

ನೀರು ಕುಡಿದು ಎದ್ದಳು. ಹೆಡ್‌ಲೈಟ್ ಹಾಕಿ ನೋಡಿದಳು, ಝಗ್ಗನೆ ಉರಿಯಿತು. ಅಂದರೆ ಬ್ಯಾಟರಿ ಗಟ್ಟಿಯಾಗಿದೆ. ಮೋಟಾರ್ ಹೊಸದು. ಸ್ವಲ್ಪ ಹೊತ್ತು ತನ್ನ ಕೆಂಪು ಬೆರಳುಗಳನ್ನೇ ನೋಡುತ್ತ ನಿಂತಳು. ಆಮೇಲೆ ಡಿಕ್ಕಿಯಿಂದ ಒಂದು ದಪ್ಪ ಕೇಬಲ್ ತೆಗೆದು, ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೂ ಇನ್ನೊಂದನ್ನು ಮೋಟಾರಿನ ಮೈಗೂ ಕಚ್ಚಿಸಿ, ಕಾರಿನ ಕೆಳಗಿಂದ ಪೂರ್ತಿ ಹೊರಗೆ ಬಂದಳು.

"ಗೇರ್ ನ್ಯೂಟ್ರಲ್‌ನಲ್ಲಿದೆಯಾ ನೋಡಿ ಭಾವ. ಈಗ ತಿರುಗಿಸಿ."

ತಿರುಗಿಸಿದೆ. ಎಂಜಿನ್ ಗುರ್ರೆಂದು ಎದ್ದಿತು.

ಅವಳು ಹಣೆ ಚಚ್ಚಿಕೊಂಡು ನಗತೊಡಗಿದಳು. "ಮೋಟಾರಿಗೆ ಕರೆಂಟು ವೈರಲ್ಲಿ ಬರುತ್ತೆ, ವಾಪಸ್ಸು ಹೋಗೋದು ಕಬ್ಬಿಣಕ್ಕೆ ಕಬ್ಬಿಣ ತಾಗೋ ಕಡೆಯಿಂದ. ಆ ದಾರೀನ ನಾನೇ ಬಣ್ಣ ಬಳಿದು ಮುಚ್ಚಿದ್ದೀನಿ ಭಾವ. ಪೇಂಟರ್ ಬಿಟ್ರೆ ಇನ್ಯಾರೂ ಈ ತಪ್ಪು ಮಾಡಲ್ಲ."

ಬ್ಯಾಟರಿಯ ವೈರು ಮತ್ತೆ ಬಿಚ್ಚಿ, ಮೋಟಾರ್ ಇಳಿಸಿದಳು. ತಾನು ಬಳಿದ ಬಣ್ಣವನ್ನು ತಾನೇ ಕೆರೆದು ತೆಗೆಯುವುದು ಅವಳಿಗೆ ಎಷ್ಟು ಕಷ್ಟವಾಯಿತೆಂಬುದು ಆ ಮುಖ ನೋಡಿದವನಿಗೇ ಗೊತ್ತು. ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಕೆರೆದಳು. ಹೊರ ಅಂಚಿನ ಬಣ್ಣವನ್ನು ಮಾತ್ರ ಉಳಿಸಿಕೊಂಡಳು. ಸಂಜೆಯೊಳಗೆ ಎಲ್ಲ ಜೋಡಿಸಿ, ಕಾರನ್ನು ನೆಲಕ್ಕಿಳಿಸಿ, ಹತ್ತು ಸಲ ಸ್ಟಾರ್ಟ್ ಮಾಡಿ ಹತ್ತು ಸಲ ನಿಲ್ಲಿಸಿದಳು. ಹತ್ತೂ ಸಲ ಒಂದೇ ಏಟಿಗೆ ಎದ್ದಿತು. ನನಗೆ ಎದೆ ಉಬ್ಬಿತು, ಆದರೂ ದೊಡ್ಡಸ್ತಿಕೆ ಬಿಡದೆ, "ನಾಳೆ ನೋಡೋಣ" ಎಂದೆ.

ಮರುದಿನ ನಾಲ್ಕೂ ಮುಕ್ಕಾಲಿಗೇ ಎಚ್ಚರವಾಯಿತು. ಒಂದು ವೇಳೆ ಕೈಕೊಟ್ಟರೆ ಒಬ್ಬನಾದರೂ ಇರಲಿ ಎಂದು ಚಪ್ಪಲಿ ಮೆಟ್ಟಿಕೊಂಡು ಅವಳ ಬೀದಿಗೆ ಹೋದೆ. ಕಾರು ನಿಲ್ಲುವ ಜಾಗ ಖಾಲಿಯಿತ್ತು. ಗೋಡೆಗೆ ಒರಗಿಸಿದ್ದ ಏಣಿಯೂ ಇರಲಿಲ್ಲ.

ಪೇಪರ್ ಹಾಕುವವರು ಸೈಕಲ್ ನಿಲ್ಲಿಸಿ, "ಆಗಲೇ ಹೋದ್ರಲ್ಲ ಸಾರ್. ಯಾರೂ ತಳ್ಳಲೇ ಇಲ್ಲ. ಯಾವ ಮೆಕ್ಯಾನಿಕ್ ಸರಿ ಮಾಡಿದ್ದು?" ಎಂದು ಕೇಳಿದರು.

"ಮೆಕ್ಯಾನಿಕ್ಕೂ ಅವಳೇ, ಮೇಸ್ತ್ರಿಯೂ ಅವಳೇ" ಎಂದೆ. "ನನ್ನ ನಾದಿನಿ."