ಆವೃತ್ತಿ ಹೊಂದುತ್ತಿಲ್ಲ

ಬೆಳಗ್ಗೆ ಚಹಾದ ಲೋಟ ಹಿಡಿದು ಮೇಜಿನ ಮುಂದೆ ಕುಳಿತಾಗ, ತಾನು ರಾತ್ರಿಯೇ ಅಪ್‌ಡೇಟ್ ಆಗಿರುವುದಾಗಿ ನನ್ನ ಮ್ಯಾಕ್ ಕಂಪ್ಯೂಟರ್ ಒಂದು ಪುಟ್ಟ ಸಂದೇಶದಲ್ಲಿ ತಿಳಿಸಿತ್ತು. ನಾವು ಮಲಗಿರುವಾಗ ಯಾರೋ ಬಂದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೊಳೆದು, ಒರೆಸಿ, ತಮಗೆ ಸರಿಕಂಡ ಜಾಗದಲ್ಲಿ ಜೋಡಿಸಿ ಹೋದರೆ ಹೇಗಿರುತ್ತದೆ ಹೇಳಿ; ಉಪಕಾರವಾಗಿದೆ ಎಂದು ಒಪ್ಪಿಕೊಳ್ಳಲೇಬೇಕು, ಆದರೆ ಒಗ್ಗರಣೆಗೆ ಸಾಸಿವೆ ಸಿಗುವುದಿಲ್ಲ. ಆ ದಿನ ನನಗೆ ಸಿಗದೆ ಹೋದದ್ದು ನನ್ನ ಅಣ್ಣ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಕಾಪುವಿನಲ್ಲಿದ್ದೇನೆ, ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಪುಸ್ತಕದ ಪುಟಗಳನ್ನು ವಿನ್ಯಾಸಗೊಳಿಸುವುದು ನನ್ನ ಕೆಲಸ. ಅಣ್ಣ ಕಾರ್ಕಳದಲ್ಲಿ ಹೈಸ್ಕೂಲಿನ ಗಣಿತದ ಮಾಸ್ತರನಾಗಿದ್ದು ನಿವೃತ್ತನಾದವನು. ಅವನು ನಿವೃತ್ತನಾದಾಗ ನನ್ನ ಹಳೆಯ ಮ್ಯಾಕನ್ನು ಅವನಿಗೆ ಕೊಟ್ಟೆ, ಹೊತ್ತು ಹೋಗಲೆಂದು ಅದರಲ್ಲೊಂದು ರೈಲಿನ ಆಟವನ್ನೂ ಹಾಕಿಕೊಟ್ಟೆ. ಬೆಟ್ಟ, ಹೊಳೆ, ಊರುಗಳಿರುವ ಒಂದು ನಕ್ಷೆ. ಅದರ ಮೇಲೆ ಹಳಿ ಹಾಕಬೇಕು, ನಿಲ್ದಾಣ ಕಟ್ಟಬೇಕು, ಗಾಡಿ ಓಡಿಸಬೇಕು. ಇಬ್ಬರು ತಮ್ಮ ತಮ್ಮ ಮನೆಯಲ್ಲಿ ಕುಳಿತು ಒಂದೇ ನಕ್ಷೆಯ ಮೇಲೆ ಕೆಲಸ ಮಾಡಬಹುದು.

ಆಮೇಲೆ ಅಮ್ಮ ಹಾಸಿಗೆ ಹಿಡಿದಳು. ಅವಳಿದ್ದದ್ದು ಅಣ್ಣನ ಮನೆಯಲ್ಲಿ. ಮಣಿಪಾಲದ ಆಸ್ಪತ್ರೆಗೆ ಸೇರಿಸೋಣ ಎಂದು ನಾನು, ಬೇಡ, ಮನೆಯಲ್ಲಿಯೇ ಇರಲಿ ಎಂದು ಅಣ್ಣ. ವಾದ ಮುಗಿಯುವುದರೊಳಗೆ ಅಮ್ಮ ಹೋದಳು. ಉತ್ತರಕ್ರಿಯೆಯ ಊಟದ ಹೊತ್ತಿಗೆ ಮಾತಿಗೆ ಮಾತು ಬೆಳೆದು, ಕೈ ತೊಳೆಯುವ ಹೊತ್ತಿಗೆ ನಮ್ಮಿಬ್ಬರ ನಡುವೆ ಮಾತೇ ನಿಂತಿತ್ತು. ಯಾರದು ಸರಿ ಎಂದು ನಿಮ್ಮನ್ನು ಕೇಳುವುದಕ್ಕೆ ಇದನ್ನು ಹೇಳುತ್ತಿಲ್ಲ. ನನ್ನದು ಸರಿಯೆಂದು ನನಗೆ ಈಗಲೂ ಅನಿಸುತ್ತದೆ. ಅವನಿಗೂ ಅವನದು ಹಾಗೆಯೇ ಅನಿಸುತ್ತಿರಬೇಕು.

ಮಾತು ನಿಂತ ಕೆಲವು ತಿಂಗಳ ಮೇಲೆ ಒಂದು ಸಂಜೆ ಸುಮ್ಮನೆ ಆಟ ತೆರೆದೆ. ಪರದೆಯ ಮೂಲೆಯಲ್ಲಿ ಅಣ್ಣನ ಹೆಸರು ಹಸಿರಾಗಿ ಕಂಡಿತು. ನೋಡುತ್ತಿದ್ದಂತೆಯೇ ಬೆಟ್ಟದ ತಪ್ಪಲಿನಿಂದ ಒಂದು ಹಳಿ ನಿಧಾನವಾಗಿ ನಾನು ಕಟ್ಟಿದ್ದ ನಿಲ್ದಾಣದತ್ತ ಬಂತು, ಸ್ವಲ್ಪ ದೂರದಲ್ಲಿ ನಿಂತಿತು. ಉಳಿದ ಆ ತುಂಡನ್ನು ನಾನು ಹಾಕಿದೆ. ಅಂದಿನಿಂದ ಸುಮಾರು ಎರಡು ವರ್ಷ, ಒಂದಕ್ಷರದ ಮಾತಿಲ್ಲದೆ, ನಾವಿಬ್ಬರೂ ಸಂಜೆಗಳಲ್ಲಿ ಹಳಿ ಹಾಕಿದೆವು. ಅಲ್ಲಿ ಸಂದೇಶ ಬರೆಯುವ ಸೌಲಭ್ಯವೂ ಇತ್ತು. ಇಬ್ಬರೂ ಅದನ್ನು ಮುಟ್ಟಲಿಲ್ಲ. ಒಬ್ಬ ಮನುಷ್ಯ ಸೌಖ್ಯವಾಗಿದ್ದಾನೆ ಎಂದು ತಿಳಿಯುವುದಕ್ಕೆ ಅವನು ಹಾಕಿದ ತಿರುವು ಸಾಕು. ಹಳಿಗಳು ಸೊಟ್ಟಗಿದ್ದ ದಿನ ಅಣ್ಣನಿಗೆ ಜ್ವರವಿರಬೇಕು ಎಂದುಕೊಳ್ಳುತ್ತಿದ್ದೆ.

ಅಪ್‌ಡೇಟ್ ಆದ ಆ ದಿನ ಸಂಜೆ ಆಟ ತೆರೆದರೆ, ‘ಇಬ್ಬರು ಆಟಗಾರರ ಆವೃತ್ತಿಗಳು ಹೊಂದುತ್ತಿಲ್ಲ’ ಎಂಬ ಒಂದೇ ಸಾಲು. ಮ್ಯಾಕ್‌ನ ಜೊತೆಗೆ ಆಟವೂ ಹೊಸದಾಗಿತ್ತು. ಅಣ್ಣನದು ಹಳೆಯದಾಗಿಯೇ ಉಳಿದಿತ್ತು. ಅವನೂ ಹೊಸದನ್ನು ಹಾಕಿಕೊಳ್ಳಬಹುದು ಎಂದು ಕಾದೆ. ಆದರೆ ಮೂಲೆಯಲ್ಲಿದ್ದ ಹೆಸರು ಮರುದಿನವೂ, ಅದರ ಮರುದಿನವೂ ಬೂದು ಬಣ್ಣದಲ್ಲಿಯೇ ಇತ್ತು.

ಕೊನೆಗೆ ಅತ್ತಿಗೆಯ ಫೋನ್ ಬಂತು. ನಮ್ಮ ಮನೆಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಸುಧಾಕರ, ಆ ಆಟಕ್ಕೆ ಎಂತ ಆಗಿದೆ? ನಿನ್ನ ಅಣ್ಣ ಊಟಕ್ಕೆ ಕರೆದರೆ ಬರುವುದಿಲ್ಲ, ಬಂದರೆ ಮಾತಾಡುವುದಿಲ್ಲ. ಅವರು ನಿನ್ನನ್ನು ಕೇಳುವವರಲ್ಲ. ನಾನು ಕೇಳುತ್ತಿದ್ದೇನೆ.”

“ಪರದೆಯ ಮೇಲೆ ಎಂತ ಬರೆದಿದೆ ಅತ್ತಿಗೆ? ಓದಿ.”

ಅವರು ಓದಿದರು. ನಾನು ಕೇಳಿದ್ದನ್ನು ಅತ್ತಿಗೆ ಅಣ್ಣನಿಗೆ ಹೇಳುವುದು, ಅವನು ಹೇಳಿದ್ದನ್ನು ನನಗೆ ಒಪ್ಪಿಸುವುದು ಹೀಗೆ ಸ್ವಲ್ಪ ಹೊತ್ತು ನಡೆಯಿತು. ಎಡಗಡೆ ಮೇಲ್ಗಡೆಯ ಚಿಹ್ನೆಯನ್ನು ಒತ್ತಲು ಹೇಳಿದರೆ ಅತ್ತಿಗೆ “ಎಡಗಡೆ ಎಂತದೂ ಇಲ್ಲ ಮಾರಾಯ, ಒಂದು ಕ್ಯಾಲೆಂಡರ್ ನೇತಾಡಿಸಿದ್ದಾರೆ” ಎಂದರು. ಅವರು ಗೋಡೆ ನೋಡುತ್ತಿದ್ದರು. ಅಷ್ಟರಲ್ಲಿ ಫೋನ್ ಕೈ ಬದಲಾದ ಸದ್ದಾಯಿತು.

“ಒತ್ತಿದ್ದೇನೆ,” ಎಂದಿತು ಅಣ್ಣನ ಸ್ವರ. “ಇನ್ನೆಂತ ಮಾಡಬೇಕು?”

ಎರಡು ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಕೇಳಿದ ಮೊದಲ ಮಾತು ಅದು. ನನಗೆ ವಿಶೇಷವಾಗಿ ಏನೂ ಅನಿಸಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ತಂತ್ರಾಂಶ ಕೆಟ್ಟಾಗ ಮನುಷ್ಯನಿಗೆ ಮುಂದಿನ ಹೆಜ್ಜೆಯೊಂದೇ ಕಾಣುತ್ತದೆ. ಅವನ ಯಂತ್ರದ ಕಾರ್ಯಾಚರಣೆ ವ್ಯವಸ್ಥೆಯ ಆವೃತ್ತಿ ಯಾವುದು, ಡಿಸ್ಕಿನಲ್ಲಿ ಜಾಗ ಎಷ್ಟುಂಟು, ಆಟ ಯಾವ ಫೋಲ್ಡರಿನಲ್ಲಿದೆ ಎಂದು ಒಂದೊಂದಾಗಿ ಕೇಳಿದೆ. ಅವನು ಪ್ರಶ್ನೆಪತ್ರಿಕೆಗೆ ಬರೆದಂತೆ ಚೊಕ್ಕವಾಗಿ ಉತ್ತರಿಸಿದ. ಆಗಿದ್ದದ್ದು ಇಷ್ಟು. ಹೊಸ ಆಟವನ್ನು ಹಾಕಿಕೊಳ್ಳುವ ಅವಸರದಲ್ಲಿ ಹಳೆಯದನ್ನು ಕಸದ ಬುಟ್ಟಿಗೆ ಹಾಕಿ, ಬುಟ್ಟಿಯನ್ನೂ ಖಾಲಿ ಮಾಡಿದ್ದ. ಹೊಸದಕ್ಕೆ ಹೊಸ ವ್ಯವಸ್ಥೆ ಬೇಕು. ಅದನ್ನು ಹಾಕಿಸಿಕೊಳ್ಳುವ ಶಕ್ತಿ ಆ ಮುದಿ ಯಂತ್ರಕ್ಕಿಲ್ಲ. ತನ್ನದೇ ಏನೋ ತಪ್ಪಾಗಿದೆಯೆಂದು ಅವನು ಅದೇ ಆಟವನ್ನು ಮತ್ತೆ ಮತ್ತೆ ಇಳಿಸಿಕೊಂಡು ಡಿಸ್ಕನ್ನು ತುಂಬಿಸಿದ್ದ.

“ಹಾಗಾದರೆ ಇನ್ನು ಆಗುವುದಿಲ್ಲ, ಅಲ್ವಾ?” ಎಂದ.

“ಹಳೆಯ ಆಟ ನನ್ನ ಬ್ಯಾಕಪ್ ಡಿಸ್ಕಿನಲ್ಲಿ ಉಂಟು. ನಾನೂ ಹಳೆಯದಕ್ಕೇ ಹೋಗುತ್ತೇನೆ. ನಿನಗೆ ಪೆನ್ ಡ್ರೈವ್‌ನಲ್ಲಿ ಕಳಿಸುತ್ತೇನೆ.”

“ಕಳಿಸುವುದು ಬೇಡ,” ಎಂದರು ಹಿಂದಿನಿಂದ ಅತ್ತಿಗೆ, ಗಟ್ಟಿಯಾಗಿ. “ತರಲಿ.”

ಭಾನುವಾರ ಬೈಕಿನಲ್ಲಿ ಹೊರಟೆ. ಉಚ್ಚಿಲ ದಾಟಿ, ಪಡುಬಿದ್ರಿಯಲ್ಲಿ ಹೆದ್ದಾರಿ ಬಿಟ್ಟು, ಬೆಳ್ಮಣ್ಣಿನ ಮೇಲಾಗಿ ಕಾರ್ಕಳ. ದಾರಿಯಲ್ಲಿ, ಹಿಂದಿನ ಆವೃತ್ತಿಗೆ ಮರಳುವುದೆಂಬ ಸಂಗತಿಯ ಬಗ್ಗೆ ಯೋಚಿಸಿದೆ. ಯಂತ್ರಲೋಕದಲ್ಲಿ ಅದು ಸೋಲಲ್ಲ, ಒಂದು ಕ್ರಮ; ಮುಂದೆ ಹೋಗಲಾರದವನಿಗಾಗಿ ಮುಂದೆ ಹೋದವನು ಹಿಂದೆ ಬರುತ್ತಾನೆ, ಅಷ್ಟೆ. ಮನುಷ್ಯರಲ್ಲಿ ಹಾಗೆ ಬರುವುದಕ್ಕೆ ಯಾವ ಬ್ಯಾಕಪ್ಪೂ ಇಲ್ಲವೆಂಬುದು ಹೊಳೆದಾಗ ಎದುರಿನಿಂದ ಒಂದು ಬಸ್ಸು ನನ್ನನ್ನು ರಸ್ತೆಯಂಚಿಗೆ ತಳ್ಳಿತು. ತತ್ತ್ವಚಿಂತನೆ ಅಲ್ಲಿಗೆ ನಿಂತಿತು.

ಅಣ್ಣ ಜಗುಲಿಯಲ್ಲಿದ್ದ. ಸ್ವಲ್ಪ ಬಡವಾಗಿದ್ದ. “ಬಂದೆಯಾ,” ಎಂದು ಒಳಗೆ ನಡೆದ. ನಾನು ಹಿಂದೆ ಹೋದೆ. ಡಿಸ್ಕಿನಲ್ಲಿ ತುಂಬಿದ್ದನ್ನು ಅಳಿಸಿ ಜಾಗ ಮಾಡಿ, ಹಳೆಯ ಆಟವನ್ನು ನಕಲು ಮಾಡಿ ತೆರೆದರೆ ಮ್ಯಾಕ್ ಹೇಳಿತು: ‘ಇದು ಹಾಳಾಗಿದೆ, ತೆರೆಯಲಾಗದು. ಕಸದ ಬುಟ್ಟಿಗೆ ಹಾಕಿ.’

ಅಣ್ಣ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. “ಹೋಯಿತಲ್ಲ.”

“ಇಲ್ಲ ಅಣ್ಣ, ಹಾಳಾಗಿಲ್ಲ. ಎಲ್ಲಿಂದ ಬಂದದ್ದೆಂದು ಅದಕ್ಕೆ ಗುರುತು ಸಿಗದಿದ್ದರೂ ಹಾಗೆಯೇ ಹೇಳುತ್ತದೆ.”

ಹೊರಗಿನಿಂದ ಬಂದ ವಸ್ತುವಿನ ಮೇಲೆ ಮ್ಯಾಕ್ ಒಂದು ಮೊಹರು ಒತ್ತಿರುತ್ತದೆ. ಒಂದು ಸಾಲಿನ ಆಜ್ಞೆಯಿಂದ ಅದನ್ನು ಕಿತ್ತುಹಾಕಬಹುದು. ಕೀಲಿಮಣೆ ಅವನ ಮುಂದಿತ್ತು. ನಾನು ಒಂದೊಂದೇ ಅಕ್ಷರ ಹೇಳಿದೆ, ಅವನು ಒಂದು ಬೆರಳಿನಿಂದ ಒತ್ತಿದ, ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ ಓದುತ್ತ. ಆಟ ತೆರೆಯಿತು. ನಕ್ಷೆಯೂ ಬಂತು, ಆದರೆ ಬ್ಯಾಕಪ್‌ನದು, ಸ್ವಲ್ಪ ಹಿಂದಿನದು.

“ಹೊಳೆಯ ಸೇತುವೆ ಇಲ್ಲ,” ಎಂದ ಅಣ್ಣ. ಅವನು ಬಹಳ ದಿನ ಕುಳಿತು ಕಟ್ಟಿದ್ದ ಸೇತುವೆ ಅದು.

“ಸೇತುವೆಯಿದ್ದ ನಕ್ಷೆಯನ್ನು ಹೊಸ ಆವೃತ್ತಿ ತನ್ನ ರೂಪಕ್ಕೆ ಬದಲಾಯಿಸಿಕೊಂಡಿದೆ. ತರಲಿಕ್ಕಾಗುವುದಿಲ್ಲ.”

ಅವನು ಪರದೆಯನ್ನೇ ನೋಡುತ್ತ ಕುಳಿತ. ಅತ್ತಿಗೆ ಪತ್ರೊಡೆಯ ತಟ್ಟೆ ಇಟ್ಟು ಹೋದರು. ಆಮೇಲೆ, ನನ್ನ ಕಡೆ ತಿರುಗದೆಯೇ ಅವನು ಹೇಳಿದ:

“ಮೂಗಿಗೆ ನಳಿಗೆ ಹಾಕಿಸಬೇಡ, ಇದೇ ಕೋಣೆಯಲ್ಲಿರುತ್ತೇನೆ ಎಂದು ಅಮ್ಮ ನನ್ನ ಕೈ ಹಿಡಿದು ಹೇಳಿದ್ದಳು. ನಿನಗೆ ಹೇಳಬಾರದು ಎಂದಿದ್ದಳು. ನೀನು ಸಂಕಟಪಡುತ್ತಿ ಎಂದು.”

ನಾನು ಪತ್ರೊಡೆಯ ಒಂದು ತುಂಡು ಮುರಿದೆ.

“ಅದು ಗೊತ್ತಿದ್ದರೂ ನಾನು ಮಣಿಪಾಲಕ್ಕೇ ಕರೆದುಕೊಂಡು ಹೋಗುತ್ತಿದ್ದೆ,” ಎಂದೆ.

“ಅವಳಿಗೂ ಅದು ಗೊತ್ತಿತ್ತು,” ಎಂದ ಅಣ್ಣ.

ಸಂಜೆಯವರೆಗೆ ಒಂದೇ ಯಂತ್ರದ ಮುಂದೆ ಕುಳಿತು, ಸೇತುವೆಯನ್ನು ಹೊಳೆಯ ಮೇಲ್ಭಾಗದಲ್ಲಿ ಹಾಕುವುದೋ ಕೆಳಭಾಗದಲ್ಲೋ ಎಂದು ಚರ್ಚಿಸಿ, ಒಮ್ಮತಕ್ಕೆ ಬಾರದೆ ಎದ್ದೆವು.

ಅಭಿಪ್ರಾಯಗಳು ಹೊಂದದೆಯೂ ಇಬ್ಬರು ಒಂದು ನಕ್ಷೆಯಲ್ಲಿರಬಹುದೆಂಬುದು ಆಟ ತಯಾರಿಸಿದವರಿಗೆ ಹೊಳೆದಿಲ್ಲ. ಅವರಿಗೆ ಆವೃತ್ತಿ ಹೊಂದಲೇಬೇಕು. ನನ್ನ ಮ್ಯಾಕ್‌ನಲ್ಲಿ ಆ ಆಟ ತಾನಾಗಿ ಅಪ್‌ಡೇಟ್ ಆಗದಂತೆ ಮಾಡಿದ್ದೇನೆ. ಹೊಸದರಲ್ಲಿ ಚಂದದ ಇಂಜಿನುಗಳಿವೆಯಂತೆ. ಇರಲಿ.

ಕಳೆದ ವಾರ ಮಧ್ಯಾಹ್ನ ಅಣ್ಣನ ಫೋನ್ ಬಂತು. ಮೊಹರು ತೆಗೆಯುವ ಆ ಸಾಲು ಹೇಗೆ, ಇನ್ನೊಮ್ಮೆ ಹೇಳು ಎಂದ. ಲೆಕ್ಕದ ಸೂತ್ರಗಳನ್ನು ನಲವತ್ತು ಮಕ್ಕಳಿಗೆ ಪುಸ್ತಕ ನೋಡದೆ ಹೇಳುತ್ತಿದ್ದವನು, ಒಮ್ಮೆ ಒತ್ತಿದ ಅಕ್ಷರವನ್ನು ಮರೆಯುವವನಲ್ಲ. ಆಟವೂ ಸರಿಯಾಗಿಯೇ ನಡೆಯುತ್ತಿತ್ತು. ನಾನು ಮೊದಲಿನಿಂದ, ನಿಧಾನವಾಗಿ ಹೇಳತೊಡಗಿದೆ. ನಡುವೆ ಒಂದು ಅಕ್ಷರ ಬಿಟ್ಟುಹೋದಾಗ, ಅವನೇ ತಿದ್ದಿದ.