ಬಂಗಾರದ ವಿಮಾನ

ಆಗೆಲ್ಲ ಪರೀಕ್ಷೆ ಮುಗಿದ ಮರುದಿನವೇ ನಾನು ಅಲಖನೂರಿನಿಂದ ನಿಪ್ಪಾಣಿಯ ಅತ್ತೆಯ ಮನೆಗೆ ಹೊರಟು ನಿಲ್ಲುತ್ತಿದ್ದೆ. ಬಸ್ಸಿನಿಂದ ಇಳಿಯುತ್ತಲೇ ತಂಬಾಕಿನ ಘಾಟು ಮೂಗಿಗೆ ಹೊಡೆದು ಸೀನು ಬರಬೇಕು. ಬಂದರೆ ರಜೆ ಶುರುವಾಯಿತೆಂದೇ ಲೆಕ್ಕ. ಅತ್ತೆಯ ಮಗಳು ಪಲ್ಲವಿ ನನ್ನ ವಾರಿಗೆಯವಳು. ಮರಾಠಿ ಶಾಲೆಗೆ ಹೋಗುತ್ತಿದ್ದುದರಿಂದ ಅವಳ ಕನ್ನಡದಲ್ಲಿ ಅರ್ಧ ಮರಾಠಿಯೇ. ನನಗೋ ಮರಾಠಿಯ ಗಂಧವೂ ಇಲ್ಲ. ಆದರೂ ಎಲ್ಲ ತಿಳಿದವಳ ಹಾಗೆ ತಲೆಯಾಡಿಸುವ ಜಂಬವಿತ್ತು.

ಆ ವರ್ಷ ಅವರ ಮನೆಗೆ ಹಳೆಯದೊಂದು ಕಂಪ್ಯೂಟರ್ ಬಂದಿತ್ತು. ಅದರಲ್ಲೊಂದು ಆಟ. ಆಕಾಶದ ಕತ್ತಲಲ್ಲಿ ವೈರಿಗಳ ವಿಮಾನಗಳು ಮೈಮೇಲೆ ಬರುತ್ತವೆ. ಹೊಡೆದರೆ ಅವುಗಳ ರೆಕ್ಕೆ, ತೋಪು, ಇಂಜಿನ್ನು ಚೂರುಚೂರಾಗಿ ತೇಲುತ್ತವೆ. ಅವನ್ನೇ ಎಳೆದು ತಂದು ನಮ್ಮ ವಿಮಾನಕ್ಕೆ ಜೋಡಿಸಿಕೊಳ್ಳಬೇಕು. ಕೀಲಿ ಒತ್ತಿ ಹೊಡೆಯುವುದು ಪಲ್ಲವಿ, ಮೌಸು ಹಿಡಿದು ಆರಿಸುವುದು ನಾನು. ವೈರಿ ಒಡೆದ ಕೂಡಲೇ ಅವಳು ಕಿರುಚುತ್ತಿದ್ದಳು:

“ಬಂಗಾರ! ಏ ಗೀತಾ, ಬಂಗಾರ ಆರಸ ಬೇ!”

ಆ ಬೂದು ಚೂರುಗಳೆಲ್ಲ ಬಂಗಾರವೆಂದು ನಾನು ಒಂದನ್ನೂ ಬಿಡದೆ ಬಾಚಿಕೊಳ್ಳುತ್ತಿದ್ದೆ. ಖಾರದ ಭಡಂಗ ಚುರಮುರಿ ತಿಂದ ಕೈಗೆ ಮೌಸು ಜಿಡ್ಡುಗಟ್ಟುತ್ತಿತ್ತು. ಕರೆಂಟು ಹೋದರೆ ತಣ್ಣನೆಯ ನೆಲದ ಮೇಲೆ ಉರುಳಿಕೊಂಡು, ಮುಂದಿನ ರೆಕ್ಕೆಯನ್ನು ಎಲ್ಲಿ ಹಚ್ಚಬೇಕೆಂದು ಜಗಳ. ರಜೆ ಮುಗಿಯುವ ಹೊತ್ತಿಗೆ ನಮ್ಮ ವಿಮಾನ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಸೊಟ್ಟಗಾಗಿ, ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ವಾಲಿಕೊಂಡು ಹೋಗುತ್ತಿತ್ತು. ಅದಕ್ಕಿಂತ ಚೆಂದದ್ದನ್ನು ನಾನು ಕಂಡಿರಲಿಲ್ಲ.

ಊರಿಗೆ ಹೊರಡುವಾಗ ಅಳು ಬಂತು.

“ನಮ್ಮ ವಿಮಾನ ಅಳಸಬ್ಯಾಡ ಪಲ್ಲೂ. ನಾ ಬರೂತನಕ ಹಂಗ ಇರಲಿ.”

“ಆಯಿ ಶಪ್ಪತ್, ಮುಟ್ಟಂಗಿಲ್ಲ,” ಎಂದು ಅವಳು ಗಂಟಲು ಚಿವುಟಿ ಆಣೆ ಮಾಡಿದಳು.

ದೀಪಾವಳಿಯ ಭಾವುಬೀಜಕ್ಕೆ ಅಪ್ಪ ತಂಗಿಯ ಮನೆಗೆ ಹೊರಟಾಗ ನಾನೂ ಬೆನ್ನು ಹತ್ತಿದೆ. ಕಂಪ್ಯೂಟರ್ ಇದ್ದ ಜಾಗದಲ್ಲಿ ಚಕ್ಕುಲಿಯ ಡಬ್ಬಿಗಳಿದ್ದವು. ಪಲ್ಲವಿ ಗಿರಣಿಗೆ ಹೋಗಿದ್ದಳು.

“ಕಂಪ್ಯೂಟರ್ ಎಲ್ಲೈತಿ ಅತ್ತಿ?”

“ಕೆಟ್ಟ ಹೋಗಿತ್ತವಾ. ಬಂಗಾರದಾವಗ ಕೊಟ್ಟಬಿಟ್ವಿ.”

ಹೋದ ಜೀವ ಬಂತು. ಅಷ್ಟು ಬಂಗಾರ ತುಂಬಿದ್ದನ್ನು ಬಂಗಾರದವರಲ್ಲದೆ ಇನ್ಯಾರು ರಿಪೇರಿ ಮಾಡಿಯಾರು! ಓಣಿಯ ತುದಿಯಲ್ಲಿದ್ದ ಸರಾಫರ ಅಂಗಡಿಗೆ ಓಡಿದೆ.

“ಕಾಕಾ, ನಮ್ಮ ಕಂಪ್ಯೂಟರ್ ನಿಮ್ಮ ಕಡೆ ಐತೇನ್ರಿ? ಬಂಗಾರದಾವಗ ಕೊಟ್ಟೀವಿ ಅಂತ ನಮ್ಮತ್ತಿ ಅಂದ್ಳ್ರಿ.”

ಮುದುಕ ಸರಾಫರು ತಕ್ಕಡಿ ಕೆಳಗಿಟ್ಟು ನನ್ನನ್ನೇ ನೋಡಿದರು.

“ಅದು ಬಂಗಾರ ಅಲ್ಲವಾ, ಭಂಗಾರ. ಮರಾಠ್ಯಾಗ ಹಂಗಂದ್ರ ಗುಜರಿ.”

ಅಳುತ್ತಾ ಬಂದು ಹೇಳಿದರೆ, ಹಿಟ್ಟಿನ ಡಬ್ಬಿ ಹಿಡಿದು ಆಗಷ್ಟೇ ಬಂದಿದ್ದ ಪಲ್ಲವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಏನೋ ಹೊಳೆದವಳಂತೆ ಕೇಳಿದಳು:

“ಹಂಗಾರ ಬ್ಯಾಸಿಗಿ ತುಂಬ ನೀ ಏನ ಆರಸಾಕತ್ತಿದ್ದಿ?”

“ಬಂಗಾರ.”

ಅವಳ ನಗು ನಿಂತಿತು. ಒಂದೇ ವಿಮಾನವನ್ನು ಅವಳು ಗುಜರಿಯಿಂದಲೂ ನಾನು ಬಂಗಾರದಿಂದಲೂ ಕಟ್ಟಿದ್ದೆವು. ನನ್ನ ಹೆಗಲ ಮೇಲೆ ಹಿಟ್ಟಿನ ಕೈ ಹಾಕಿ, “ಅಳಬ್ಯಾಡ ಬೇ. ಇನ್ನ ಮ್ಯಾಲ ನಾನೂ ಬಂಗಾರ ಅಂತೀನಿ. ಮತ್ತ ಕಟ್ಟೂಣು,” ಎಂದಳು.

ಮತ್ತೆ ಕಟ್ಟಲಿಲ್ಲ. ಆ ಮನೆಗೆ ಕಂಪ್ಯೂಟರ್ ಬರಲಿಲ್ಲ, ನನ್ನ ರಜೆಗಳು ಟ್ಯೂಷನ್ನಿಗೆ ಹೋದವು. ಈಗ ಅಂಥದೇ ಆಟ ನನ್ನ ಲ್ಯಾಪ್‌ಟಾಪಿನಲ್ಲಿದೆ. ಚೂರುಗಳು ತೇಲಿ ಬರುತ್ತವೆ, ನೋಡಿದರೆ ಬರೀ ಗುಜರಿ. ಪಕ್ಕದಲ್ಲಿ ಕಿರುಚುವವಳಿಲ್ಲದೆ ಕೈಯೇ ಓಡುವುದಿಲ್ಲ.

ಹೋದ ತಿಂಗಳು ಚಿಕ್ಕೋಡಿಯ ಮದುವೆಯೊಂದರಲ್ಲಿ ಪಲ್ಲವಿ ಸಿಕ್ಕಿದ್ದಳು. ಮುಂಗೈ ತುಂಬ ಹೊಸ ಬಳೆ. ನನಗೆ ಅದೆಷ್ಟು ಆಸೆಯಾಯಿತೆಂದರೆ, ಅವಳ ಕಿವಿಯ ಹತ್ತಿರ ಬಾಗಿ, ನಗು ತಡೆದುಕೊಂಡು ಕೇಳಿಯೇಬಿಟ್ಟೆ:

“ಭಂಗಾರ ಏನ, ಪಲ್ಲೂ?”

ಅವಳ ಮುಖ ಸಣ್ಣದಾಯಿತು.

“ಹಂಗ್ಯಾಕ ಅಂತೀ? ಖರೇ ಬಂಗಾರ ಐತಿ ಇದು.”

ನೆನಪಾದೀತೆಂದು ಸ್ವಲ್ಪ ಹೊತ್ತು ಕಾದೆ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.