ಬೇಗ ಕಾಯುವ ಒಲೆ

ಚೆನ್ನಾಗಿ ಕೆಲಸ ಮಾಡಿದವರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ತಾನು ಕೆಡಿಸಿದ್ದನ್ನು ವಾಪಸು ಕೊಡಿ ಎಂದು ಮನೆಮನೆ ಬಾಗಿಲು ತಟ್ಟಿದವಳು ನಮ್ಮ ಬೀದಿಯಲ್ಲಿ ಒಬ್ಬಳೇ. ಅದಕ್ಕೇ ಅವಳ ವಿಷಯ ಹೇಳಬೇಕು.

ಎಲ್ಲರೂ ಅವಳನ್ನು ಕಾಯಿಲಕ್ಕ ಅನ್ನುತ್ತಾರೆ. ಮೆಟ್ಟಿಲ ಕೆಳಗೆ ಗೂಡಿನಂಥ ಅಂಗಡಿ. ಒಂದು ಮೇಜು, ಇಕ್ಕಳ, ಮೊಳೆಗೆ ನೇತುಹಾಕಿದ ಸುರುಳಿ ತಂತಿಗಳು. ಕರೆಂಟ್ ಒಲೆ ಕೆಟ್ಟರೆ ಜನ ಅವಳ ಹತ್ತಿರ ತರುತ್ತಿದ್ದರು. ಅವಳು ಕಾಯಿಲನ್ನು, ಅಂದರೆ ಕಾಯುವ ಸುರುಳಿ ತಂತಿಯನ್ನು, ಒಲೆಯ ಮಣ್ಣಿನ ಬಿಲ್ಲೆಯಿಂದ ಎಬ್ಬಿಸಿ, ಸುಟ್ಟ ತುಂಡನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ಎಳೆದು, ತುದಿ ಹೆಣೆದು, ಮತ್ತೆ ಕೂರಿಸುತ್ತಿದ್ದಳು. ಅವಳಪ್ಪನೂ ಹಾಗೇ ಮಾಡುತ್ತಿದ್ದ.

ಅವಳು ಮುಟ್ಟಿದ ಒಲೆ ಹೊಸದಕ್ಕಿಂತ ಬೇಗ ಕಾಯುತ್ತಿತ್ತು. ಜನ ಕೈಗುಣ ಅಂದರು. ಅವಳೂ ನಂಬಿದಳು. ಅಷ್ಟಕ್ಕೇ ಸುಮ್ಮನಿರಲಿಲ್ಲ. “ತಂತಿ ಗಿಡ್ಡ ಆಯ್ತಲ್ಲ, ಇನ್ಮೇಲೆ ಕರೆಂಟೂ ಕಮ್ಮಿ ತಿನ್ನುತ್ತೆ. ಸಣ್ಣ ಹೊಟ್ಟೆಗೆ ಸಣ್ಣ ತುತ್ತು” ಎಂದು ಬಂದವರಿಗೆಲ್ಲ ಹೇಳಿ ಕಳಿಸುತ್ತಿದ್ದಳು.

ಎದುರು ಸಾಲಿನಲ್ಲಿ ಅವಳ ನಾದಿನಿಯ ಚಹಾದಂಗಡಿ. ಅಲ್ಲಿದ್ದದ್ದೂ ಕಾಯಿಲಕ್ಕ ರಿಪೇರಿ ಮಾಡಿದ ಒಲೆಯೇ. ಒಂದು ಬೆಳಗ್ಗೆ ಅದರ ಪ್ಲಗ್ ಗೋಡೆಯಲ್ಲೇ ಕರಗಿ ಜೋತುಬಿತ್ತು. ಕೀಳಲು ಹೋದ ನಾದಿನಿಯ ಅಂಗೈ ಸುಟ್ಟಿತು. ಅವಳು ಕೈಗೆ ಬಟ್ಟೆ ಸುತ್ತಿಕೊಳ್ಳಲು ಒಳಗೆ ಹೋದಾಗ, ಕರೆಸಿದ್ದ ಲೈನ್‌ಮನ್ ದಪ್ಪನೆಯ ಬೇರೆ ಪ್ಲಗ್ಗು, ಸಾಕೆಟ್ಟು ಹಾಕಿ ಒಲೆ ಹಚ್ಚಿದ. ಮೊಸಳೆ ಬಾಯಿಯಂಥ ಮೀಟರನ್ನು ಒಂದು ತಂತಿಗೆ ಕಚ್ಚಿಸಿದ. ಪಕ್ಕದಲ್ಲಿ ಕಾಯಿಲಕ್ಕ ನಿಂತಿದ್ದಳು.

“ನೋಡಕ್ಕ, ವೋಲ್ಟು ಇನ್ನೂರ ಮೂವತ್ತು. ಕರೆಂಟು ಐದೂಮುಕ್ಕಾಲು ಆಂಪಿಯರ್. ಎರಡನ್ನೂ ಗುಣಿಸು, ಎಷ್ಟು ವ್ಯಾಟ್ ಅಂತ ಬರುತ್ತೆ.”

ಅವನೇ ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಗುಣಿಸಿದ. ಸಾವಿರದ ಮುನ್ನೂರಿಪ್ಪತ್ತೆರಡೂವರೆ. ಒಲೆಯ ಅಡಿಯಲ್ಲಿ ಕಂಪನಿ ಬರೆದದ್ದು ಸಾವಿರ.

“ಈಗ ವೋಲ್ಟನ್ನ ಕರೆಂಟಿಂದ ಭಾಗಿಸಿದ್ರೆ ನಲವತ್ತು ಓಮ್. ಕರೆಂಟಿಗೆ ತಂತಿ ಒಡ್ಡೋ ತಡೆ ಅದು. ಹೊಸದರಲ್ಲಿ ಐವತ್ಮೂರು ಇದ್ದಿರಬೇಕು. ಯಾರೋ ತಂತಿ ಕತ್ತರಿಸಿದಾರೆ. ತಡೆ ಕಮ್ಮಿ ಆದ್ರೆ ಕರೆಂಟು ಜಾಸ್ತಿ ನುಗ್ಗುತ್ತೆ, ಬೇಗ ಕಾಯುತ್ತೆ. ಆ ಪ್ಲಗ್ಗು ಐದು ಆಂಪಿಯರ್‌ದು. ಅದಾದ್ರೂ ಏನ್ ಮಾಡುತ್ತೆ ಪಾಪ.”

“ಯಾರೋ” ಅಂದವನಿಗೆ ಅದು ಯಾರು ಅಂತ ಗೊತ್ತಿತ್ತು. ತಲೆ ತಗ್ಗಿಸಿಕೊಂಡೇ, “ನಾನು ಬಾಯಿ ಬಿಡಲ್ಲ ಬಿಡು” ಅಂದ. ಬೈದಿದ್ದರೆ ಅವಳಿಗೆ ಇಷ್ಟು ಚುಚ್ಚುತ್ತಿರಲಿಲ್ಲ.

ನಾದಿನಿ ಹೊರಗೆ ಬಂದಳು. “ಆ ಹಾರ್ಡ್‌ವೇರ್ ಮುದುಕ ಪ್ಲಗ್ ಅಂತ ಮೇಣದ ಮುದ್ದೆ ಮಾರಿದಾನೆ. ಅಲ್ವಾ ಅತ್ತಿಗೆ?”

“ಹೂಂ” ಅಂದುಬಿಟ್ಟಳು ಕಾಯಿಲಕ್ಕ.

ಅಂಗಡಿಗೆ ಬಂದು ಕೂತಳು. ಇಕ್ಕಳ ಹಿಡಿಯಲು ಕೈ ಬರಲಿಲ್ಲ. ಬೀದಿಯಲ್ಲಿ ಅವಳು ಕತ್ತರಿಸದ ಕಾಯಿಲ್ ಇದ್ದ ಮನೆಯೇ ಅಪರೂಪ. ಮಕ್ಕಳು ಮಲಗುವ ಕೋಣೆಯಲ್ಲೇ ಒಲೆ ಇಟ್ಟುಕೊಂಡವರೂ ಇದ್ದರು. ಬಾಯಿ ಮುಚ್ಚಿಕೊಂಡಿದ್ದರೆ ಅವಳ ಹೆಸರು ಉಳಿಯುತ್ತಿತ್ತು. ಇನ್ನೊಂದು ಮನೆಯ ಗೋಡೆ ಉಳಿಯುತ್ತದೆ ಅಂತ ಹೇಳುವ ಹಾಗಿರಲಿಲ್ಲ.

ನಾದಿನಿಯ ಮಾತು ಬೀದಿಯೆಲ್ಲ ಹರಡಿ, ಸಂಜೆ ಹೊತ್ತಿಗೆ ಮುದುಕನ ಅಂಗಡಿ ಮುಂದೆ ಜನ ಸೇರಿದ್ದರು. ಪ್ಲಗ್ಗುಗಳನ್ನು ವಾಪಸು ತಂದಿದ್ದರು. “ಏನ್ ತಾತ, ಮೇಣದ ವ್ಯಾಪಾರ ಯಾವಾಗ ಶುರು ಮಾಡಿದ್ರಿ?” ಎಂದು ಒಬ್ಬ ಛೇಡಿಸಿದ. ಮುದುಕ ಒಂದೊಂದೇ ಪ್ಲಗ್ ತಿರುಗಿಸಿ, ತಪ್ಪು ಎಲ್ಲಿದೆ ಎಂದು ಕನ್ನಡಕದೊಳಗಿಂದ ಹುಡುಕುತ್ತಿದ್ದ. ಅದನ್ನು ನೋಡಲಾಗದೆ ಕಾಯಿಲಕ್ಕ ಜನರ ನಡುವೆ ನುಗ್ಗಿದಳು.

“ಪ್ಲಗ್ಗಲ್ಲಿ ಏನೂ ತಪ್ಪಿಲ್ಲ. ನಾನು ಕತ್ತರಿಸಿದ ಕಾಯಿಲಿಂದ ಆಗಿದ್ದು. ನಿಮ್ಮ ಮನೇಲಿರೋದೂ ಅಂಥದ್ದೇ. ಹಚ್ಚಬೇಡಿ.”

ನಾದಿನಿ ಮುಂದೆ ಬಂದಳು.

“ಬೆಳಗ್ಗೆ ಹೂಂ ಅಂದ್ಯಲ್ಲ ಅತ್ತಿಗೆ?”

“ಅಂದೆ.”

“ಗೊತ್ತಿದ್ದೂ?”

“ಗೊತ್ತಿದ್ದೂ.”

ನಾದಿನಿ ಬಟ್ಟೆ ಸುತ್ತಿದ ಕೈಯನ್ನೊಮ್ಮೆ ನೋಡಿಕೊಂಡು ಹೊರಟುಹೋದಳು. ಎಷ್ಟೋ ದಿನ ಮಾತು ಬಿಟ್ಟಿದ್ದಳು.

ಮಾರನೆಯ ದಿನದಿಂದ ಕಾಯಿಲಕ್ಕ ಮನೆಮನೆಗೆ ಹೋದಳು. ಕೆಲವರು ಬಾಗಿಲಲ್ಲೇ ಉಗಿದರು. “ಚೆನ್ನಾಗಿ ಓಡೋ ಕುದುರೆ ಕಾಲು ಮುರಿಯೋಕೆ ಬಂದ್ಯಾ?” ಎಂದು ನಕ್ಕು ಕಳಿಸಿದವರೂ ಉಂಟು. ಕೊಟ್ಟವರ ಒಲೆಗೆಲ್ಲ ಪೂರಾ ಉದ್ದದ ಹೊಸ ಕಾಯಿಲ್ ಹಾಕಿದಳು. ಗುಣಿಸುವುದು, ಭಾಗಿಸುವುದು ಲೈನ್‌ಮನ್ ಹತ್ತಿರ ಕಲಿತಳು. ಈಗ ಒಲೆ ತಂದವರ ಎದುರಿಗೇ ಮೀಟರ್ ಹಿಡಿದು, ಲೆಕ್ಕ ಮಾಡಿ ತೋರಿಸಿ ಕೊಡುತ್ತಾಳೆ. ಬೇಗ ಕಾಯುವ ಹಾಗೆ ಮಾಡಿಕೊಡು ಎಂದು ಯಾರಾದರೂ ಕೇಳಿದರೆ ನಾಚಿಕೆಯಿಂದ ಅವಳ ಮುಖ ಕೆಂಪಾಗುತ್ತದೆ.

ಕೆಲವು ಒಲೆಗಳು ಇನ್ನೂ ಸಿಕ್ಕಿಲ್ಲ. ಮನೆ ಬದಲಾಯಿಸಿದವರು ಜೊತೆಗೇ ಒಯ್ದಿದ್ದಾರೆ. ನಿಮ್ಮಲ್ಲಿ ಕಾಯಿಲ್ ಹೆಣೆದ ಹಳೆಯ ಒಲೆ ಇದ್ದರೆ ದಯವಿಟ್ಟು ಹಚ್ಚಬೇಡಿ. ಅವಳ ಅಂಗಡಿಗೆ ತನ್ನಿ, ಅವಳನ್ನು ಕಂಡು ಮಾತಾಡಿಸಿ. ಅವಳು ನಿಮ್ಮ ಮುಖ ನೋಡುವುದಿಲ್ಲ. ಜಂಬ ಅಂದುಕೊಳ್ಳಬೇಡಿ.